ಎಡ ತಿರುವಿನಲ್ಲಿ ಮುಂದಿನ ಗಾಲಿ

ಬಿಸಿ ಟೈರನ್ನು ಮೂಸಿ ನೋಡುವ ಚಟ ನನಗೆ ಗಂಡನಿಂದ ಅಂಟಿದ್ದು. ಟ್ರ್ಯಾಕಿನಿಂದ ಗಾಡಿ ಬಂದು ನಿಂತ ಕೂಡಲೇ ಉಳಿದವರು ಹವಾ ಅಳೆಯುವ ಗೇಜು ಹಚ್ಚಿದರೆ ಅವರು ಮೊದಲು ಮೂಗು ಹಚ್ಚುತ್ತಿದ್ದರು. ಹವಾ ಕಡಿಮೆಯಾಗಿ ಅಂಚು ಉಜ್ಜಿಕೊಂಡ ಟೈರು ಇಸ್ತ್ರಿಗೆ ಸುಟ್ಟ ಬಟ್ಟೆಯ ಹಾಗೆ ಕಮರುತ್ತದೆ. ಬ್ರೇಕು ಹಿಡಿದುಕೊಂಡಿದ್ದರೆ ಗಾಲಿಯ ಒಳಗಿನಿಂದ ಕಹಿ ವಾಸನೆ ಬರುತ್ತದೆ. ಹವಾ ಸರಿಯಿದ್ದ ಟೈರಿಗೆ ಹೆಚ್ಚೇನೂ ಇಲ್ಲ, ಕಾದ ರಬ್ಬರು ಅಷ್ಟೆ. ಆ ರವಿವಾರ ದನದ ಡಾಕ್ಟರರ ಗಾಡಿ ಬಂದು ನಿಂತಾಗ ನಾನು ಮಂಡಿಯೂರಿ ಮುಂದಿನ ಎಡ ಟೈರಿಗೆ ಮುಖ ತಂದೆ. ನನ್ನ ಗಂಡನ ತಲೆಯ ವಾಸನೆ ಬಂತು.

ಅವರು ತೀರಿಕೊಂಡು ವರ್ಷ ಕಳೆದಿತ್ತು. ತೀರಿಕೊಂಡದ್ದು ಅದೇ ಟ್ರ್ಯಾಕಿನಲ್ಲಿ. ನಾನು ಎದ್ದು ನಿಂತೆ, ಗೇಜು ತೆಗೆದುಕೊಂಡು ಆ ಕಡೆಯ ಟೈರಿಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ ಗಂಡ ಸತ್ತವಳಿಗೆ ತಲೆ ಕೆಟ್ಟಿದೆ ಎಂದು ಸಂಜೆಯೊಳಗೆ ಶಹಾಪುರದ ಅರ್ಧ ಊರಿಗೆ ಗೊತ್ತಾಗುತ್ತಿತ್ತು.

ಟ್ರ್ಯಾಕು ಅನ್ನುವುದು ದೊಡ್ಡ ಮಾತು. ಕೆನಾಲು ಅಗೆಯುವ ಕಾಲದಲ್ಲಿ ಶಹಾಪುರದಾಚೆ ಕಟ್ಟಿದ ಒಂದು ಕ್ಯಾಂಪು ಅದು. ಡಂಪರುಗಳು ಓಡಾಡಲೆಂದು ಹಾಕಿದ ಅಗಲವಾದ ಡಾಂಬರು ರಸ್ತೆ ಕ್ವಾರ್ಟರ್ಸುಗಳನ್ನೂ ಹಳೆಯ ಗ್ಯಾರೇಜನ್ನೂ ಸುತ್ತಿ ಬಂದು ಮತ್ತೆ ತನ್ನನ್ನೇ ಕೂಡಿಕೊಳ್ಳುತ್ತದೆ. ಕೆನಾಲಿಗೆ ನೀರು ಬಂತು, ಕ್ಯಾಂಪಿನ ಜನ ಹೋದರು. ಈಗ ಮನೆಗಳಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ಅಡುಗೆಮನೆಗಳೊಳಗೆ ಜಾಲಿ ಬೆಳೆದಿದೆ. ಒಂದು ಗೋಡೆಯ ಮೇಲೆ ಯಾವುದೋ ಮಗು ಇದ್ದಿಲಿನಲ್ಲಿ ಬರೆದ ಅಕ್ಷರಗಳು ಹಾಗೇ ಇವೆ. ಅಲ್ಲಿ ಗಾಡಿ ಓಡಿಸಿದರೆ ಸದ್ದು ಖಾಲಿ ಕೋಣೆಗಳನ್ನು ಹೊಕ್ಕು ಹೊರಗೆ ಬರುತ್ತದೆ. ಒಂದು ಗಾಡಿ ಓಡಿದರೆ ಅದರ ಹಿಂದೆ ಇನ್ನೊಂದು ಓಡಿದಂತೆ ಕೇಳುತ್ತದೆ.

ಯಾದಗಿರಿಯ ಬ್ಯಾಂಕಿನ ಒಬ್ಬ ಗುಮಾಸ್ತ, ಸುರಪುರದ ಒಬ್ಬ ಹತ್ತಿ ವ್ಯಾಪಾರಿ, ಹುಣಸಗಿ ಕಡೆಯ ಈ ದನದ ಡಾಕ್ಟರು, ಇನ್ನೂ ಕೆಲವರು ಸೇರಿ ಚಳಿಗಾಲದ ರವಿವಾರಗಳಲ್ಲಿ ಅಲ್ಲಿ ತಮ್ಮ ಕಾರುಗಳನ್ನು ಓಡಿಸುತ್ತಿದ್ದರು. ಒಂದು ಸಲಕ್ಕೆ ಒಂದೇ ಗಾಡಿ, ಎದುರಾಳಿ ಎಂದರೆ ಗಡಿಯಾರ. ತಿರುವುಗಳಲ್ಲಿ ಭತ್ತದ ಹುಲ್ಲಿನ ಪೆಂಡಿಗಳನ್ನು ಒಟ್ಟುತ್ತಿದ್ದರು. ಟೈರಿನ ಹವಾ, ಗಾಲಿಯ ಕೋನ, ಗಾಡಿಯ ನಡೆ ಇವನ್ನೆಲ್ಲ ಹೊಂದಿಸುವ ಕೆಲಸ ನನ್ನ ಗಂಡನದು. ನಡುನಡುವೆ ತಮ್ಮ ಗಾಡಿಯನ್ನೂ ಓಡಿಸುತ್ತಿದ್ದರು. ಶಹಾಪುರದ ಸುರಪುರ ರಸ್ತೆಯಲ್ಲಿ ನಮ್ಮದು ಟೈರು ಮತ್ತು ಅಲೈನ್‌ಮೆಂಟ್ ಅಂಗಡಿ. ಅವರು ಗಾಡಿಯ ಕೆಳಗೆ, ನಾನು ಮೇಲೆ ಸ್ಟೇರಿಂಗು ಹಿಡಿದು ಕೂತು, ಹೀಗೆ ಸಂಸಾರ ಮಾಡಿದವರು ನಾವು.

ಕ್ವಾರ್ಟರ್ಸುಗಳ ಸಾಲು ಮುಗಿದ ಮೇಲೆ ರಸ್ತೆ ಎಡಕ್ಕೆ ಹೊರಳುತ್ತದೆ. ಹೊರಳಿನ ಹೊರಬದಿಗೆ ಮರಿಕಾಲುವೆಯ ತೂಬಿನ ಕಾಂಕ್ರೀಟು ಕಂಬವಿದೆ. ಅಲ್ಲಿ ಅವರ ಗಾಡಿ ಹೊರಕ್ಕೆ ಸರಿದು, ಹುಲ್ಲಿನ ಪೆಂಡಿಗಳನ್ನು ಒತ್ತರಿಸಿ, ಬಾಗಿಲ ಕಡೆಯಿಂದ ಕಂಬಕ್ಕೆ ಹೊಡೆಯಿತು. ಯಾಕೆ ಸರಿಯಿತು ಎಂದು ಇವತ್ತಿಗೂ ಗೊತ್ತಿಲ್ಲ. ಜಜ್ಜಿಹೋದ ಗಾಡಿಯನ್ನು ಅಂಗಡಿಗೆ ತಂದಾಗ ನಾನು ಮಾಡಿದ ಮೊದಲ ಕೆಲಸ ಗೇಜು ಹಚ್ಚಿದ್ದು. ಒಂದು ಟೈರು ಒಡೆದಿತ್ತು. ಉಳಿದ ಮೂರರಲ್ಲೂ ಆ ಬೆಳಿಗ್ಗೆ ಅವರು ಎಷ್ಟು ತುಂಬಿದ್ದರೋ ಅಷ್ಟೇ ಹವಾ ಇತ್ತು. ಗಾಡಿಯನ್ನು ಗುಜರಿಗೆ ಕೊಟ್ಟೆ, ಒಂದು ಗಾಲಿ ಮಾತ್ರ ಬಿಚ್ಚಿ ಅಂಗಡಿಯ ಮೂಲೆಗೆ ಒರಗಿಸಿಟ್ಟೆ. ಅದರೊಳಗಿರುವುದು ಅವರು ತುಂಬಿದ ಹವಾ. ಪ್ರತಿ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವಾಗ ಅದಕ್ಕೂ ಗೇಜು ಹಚ್ಚುತ್ತೇನೆ. ಹವಾ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ರಬ್ಬರಿನ ಗುಣವೇ ಅದು.

ದಸರೆ ಕಳೆದ ಮೇಲೆ ಡಾಕ್ಟರು ಅಂಗಡಿಗೆ ಬಂದರು. ನನ್ನ ಗಂಡನ ಖಾಸಾ ದೋಸ್ತ ಅವರು. ಬಹಳ ಹೊತ್ತು ಎತ್ತುಗಳ ಕಾಲುಬೇನೆಯ ಬಗ್ಗೆ ಮಾತಾಡಿ ಕಡೆಗೆ ಹೇಳಿದರು.

"ಮತ್ತ ಟ್ರ್ಯಾಕ್ ಚಾಲೂ ಮಾಡಬೇಕಂತ ಅನ್ನಾಕತ್ತಾರ್ರಿ ಎಲ್ಲಾರೂ. ನೀವು ಹೂಂ ಅಂದ್ರ ಮಾಡ್ತೀವಿ, ಇಲ್ಲಂದ್ರ ಇಲ್ಲ. ಹವಾ ನೀವಾ ಹಾಕಬೇಕು. ಹೊರಗಿನವ್ರ ಕೈಯಾಗ ಗಾಡಿ ಕೊಡಾಂಗಿಲ್ಲ ನಾ."

ಹೂಂ ಅಂದೆ. ಕೆಲಸ ಗೊತ್ತಿತ್ತು, ಬೇಕಾಗಿಯೂ ಇತ್ತು. ಆದರೆ ಮನಸ್ಸಿನಲ್ಲೇ ಒಂದು ಕರಾರು ಹಾಕಿಕೊಂಡೆ, ಆ ಎಡ ತಿರುವಿಗೆ ನಾನು ಕಾಲಿಡುವುದಿಲ್ಲ ಎಂದು. ಟ್ರ್ಯಾಕಿನ ಕೆಲಸದಲ್ಲಿ ಮೊದಲ ಪಾಠ ರಸ್ತೆಯನ್ನು ನಡೆದು ನೋಡುವುದು. ನಾನು ಹಳೆಯ ಗ್ಯಾರೇಜಿನ ಮುಂದಿನ ಬೇವಿನ ಮರದ ಬುಡದಲ್ಲೇ ನಿಂತೆ. ಅಲ್ಲಿಂದ ತಿರುವು ಕಾಣುವುದಿಲ್ಲ, ಕೇಳುತ್ತದೆ.

ಮೊದಲ ರವಿವಾರ ಕೆನಾಲಿನ ಮಂಜು ಇನ್ನೂ ಗದ್ದೆಗಳ ಮೇಲಿತ್ತು. ತಣ್ಣಗಿದ್ದಾಗ ಮುಂದಿನ ಟೈರುಗಳಿಗೆ ಇಪ್ಪತ್ತೆಂಟು ಪೌಂಡು, ಹಿಂದಿನವಕ್ಕೆ ಮೂವತ್ತು ಹಾಕಿದೆ. ಟೈರಿನ ಅಂಚಿನಿಂದ ಪಕ್ಕೆಯವರೆಗೆ ಬಳಪದಲ್ಲಿ ಗೆರೆ ಎಳೆದೆ. ಓಡಿ ಬಂದ ಮೇಲೆ ಬಳಪ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿದರೆ ಟೈರು ಎಷ್ಟು ಮಡಚಿಕೊಂಡಿತೆಂದು ತಿಳಿಯುತ್ತದೆ. ಬೆಳಗಿನ ಸುತ್ತುಗಳು ಚೆನ್ನಾಗಿದ್ದವು. ಡಾಕ್ಟರು ನಗುತ್ತ ಇಳಿದರು. ಬಿಸಿಲೇರಿದ ಮೇಲೆ ಹೋದವರು ಮುಖ ಬಿಳಿಚಿಕೊಂಡು ಬಂದರು.

"ಎಡ ತಿರುವಿನಾಗ ಮೂತಿ ತಿರುಗಲಿಲ್ರಿ. ಸ್ಟೇರಿಂಗ್ ತಿರುವೀನಿ, ಗಾಡಿ ಸೀದಾ ಹೊಂಟದ. ಕಂಬದ ಕಡಿ."

ಆಗಲೇ ನಾನು ಮಂಡಿಯೂರಿದ್ದು, ಆ ವಾಸನೆ ಬಂದದ್ದು. ನನ್ನ ಗಂಡ ತಲೆ ತುಂಬ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಎಣ್ಣೆ ಹಚ್ಚದಿದ್ದರೆ ಕಣ್ಣು ಉರಿಯುತ್ತವೆ ಅನ್ನುತ್ತಿದ್ದರು. ರಬ್ಬರು, ಬಿಸಿಲು, ಕೊಬ್ಬರಿ ಎಣ್ಣೆ ಮೂರೂ ಸೇರಿದರೆ ಅದು ನನಗೆ ಕೊಬ್ಬರಿ ಎಣ್ಣೆಯ ವಾಸನೆಯಲ್ಲ, ಕೆಲಸ ಮುಗಿಸಿ ಊಟಕ್ಕೆ ಕೂತ ನನ್ನ ಗಂಡ. ಹಾಗಾಗಿ ಅದು ನನ್ನ ತಲೆಯೊಳಗಿನ ವಾಸನೆ ಎಂದೇ ತಿಳಿದೆ. ಆದರೂ ಅನುಮಾನಕ್ಕೆ ಗುಮಾಸ್ತನನ್ನು ಕರೆದು ಮೂಸಿ ನೋಡಲು ಹೇಳಿದೆ. "ರಬ್ಬರ್ ವಾಸನಿರಿ, ಮತ್ತೇನು" ಅಂದ. ಬಾಯಿ ತುಂಬ ಗುಟ್ಕಾ ಇಟ್ಟುಕೊಂಡವನಿಗೆ ಮೂಗು ಎಲ್ಲಿಂದ ಬರಬೇಕು!

ಬೆಳಿಗ್ಗೆ ಸರಿ, ಬಿಸಿಲಿಗೆ ತಪ್ಪು. ಹಾಗೆಂದರೆ ಹವಾದ ದೋಷ ಎಂದು ಯಾರಾದರೂ ಹೇಳುತ್ತಾರೆ. ಟೈರು ಕಾದಂತೆ ಒಳಗಿನ ಹವಾ ಏರುತ್ತದೆ. ತಣ್ಣಗಿದ್ದಾಗ ಇಪ್ಪತ್ತೆಂಟು ಇದ್ದದ್ದು ಮೂವತ್ನಾಲ್ಕಾದರೆ ಟೈರು ಉಬ್ಬಿ ನಡುಭಾಗ ಮಾತ್ರ ನೆಲ ಹಿಡಿಯುತ್ತದೆ. ಎರಡು ಪೌಂಡು ಬಿಟ್ಟೆ. ಉಪಯೋಗವಾಗಲಿಲ್ಲ. ಇನ್ನೆರಡು ಬಿಟ್ಟೆ. ಈಗ ಬಳಪದ ಗೆರೆ ಅಂಚು ದಾಟಿ ಪಕ್ಕೆಯವರೆಗೆ ಅಳಿಸಿಬಂತು, ಟೈರು ಮಗ್ಗುಲಾಗಿ ಮಲಗುತ್ತಿತ್ತು. ಮತ್ತೆ ತುಂಬಿದೆ. ವಾರದಲ್ಲಿ ಗಾಡಿಯನ್ನು ಅಂಗಡಿಗೆ ತರಿಸಿ ಮುಂದಿನ ಗಾಲಿಗಳನ್ನು ಕೂದಲೆಳೆಯಷ್ಟು ಹೊರಕ್ಕೆ ತೆರೆದು ಓಡಿಸಿ ನೋಡಿದೆ, ಆಮೇಲೆ ಹಿಂದಿನ ಟೈರುಗಳಿಗೆ ಹವಾ ಹೆಚ್ಚಿಸಿದೆ. ಹಿಂಭಾಗ ಸ್ವಲ್ಪ ಹಗುರಾದರೆ ಮೂತಿ ತಾನಾಗಿ ಒಳಕ್ಕೆ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮರು ರವಿವಾರ ಗಾಡಿ ಉಳಿದೆಲ್ಲ ತಿರುವುಗಳಲ್ಲಿ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡಿತು. ಬಿಸಿಲೇರಿದ ಮೇಲೆ ಆ ಒಂದು ತಿರುವಿನಲ್ಲಿ ಮತ್ತೆ ಸೀದಾ ಹೋಯಿತು. ಈ ಸಲ ಹತ್ತಿ ವ್ಯಾಪಾರಿಯ ಗಾಡಿಯೂ ಹೋಯಿತು. ಅದು ಬೇರೆ ಕಂಪನಿ, ಬೇರೆ ಟೈರು, ಬೇರೆ ತೂಕ. ಅದರ ಮುಂದಿನ ಎಡ ಟೈರಿಗೂ ಮೂಗು ಹಚ್ಚಿದೆ. ಅಲ್ಲೂ ಅವರೇ ಇದ್ದರು.

ಆಗ ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ದೆವ್ವ ಭೂತ ನಂಬಿದವಳಲ್ಲ ನಾನು. ಆದರೆ ಬೇವಿನ ಬುಡದಲ್ಲಿ ನಿಂತು ಕಿವಿಗೊಟ್ಟರೆ ಡಾಕ್ಟರ ಗಾಡಿಯ ಹಿಂದೆ ಖಾಲಿ ಮನೆಗಳ ಸಾಲಿನಲ್ಲಿ ಇನ್ನೊಂದು ಗಾಡಿ ಓಡುತ್ತಿತ್ತು. ತಿರುವಿಗೆ ಬರುವ ಮುನ್ನ ನನ್ನ ಗಂಡ ಆಕ್ಸಿಲೇಟರಿನಿಂದ ಕಾಲೆತ್ತಿ ಒಂದು ಕ್ಷಣ ತಡೆದು ಮತ್ತೆ ಒತ್ತುತ್ತಿದ್ದರು. ಆ ತಡೆ ನನಗೆ ಪ್ರತಿಧ್ವನಿಯಲ್ಲಿ ಕೇಳಿಸಿತು. ಬ್ಯಾಡ್ರಿ, ನಿಮ್ಮ ದೋಸ್ತ ಅವ್ರು, ಬಿಡ್ರಿ ಎಂದು ಮರಕ್ಕೆ ಒರಗಿ ಗಂಡನಿಗೆ ಬಾಯಿ ಬಿಟ್ಟೇ ಹೇಳಿದೆ. ಹೇಳಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಗಡಿಗೆ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಲಾಗದು. ಸತ್ತವ ತನ್ನ ದೋಸ್ತರನ್ನು ಎಳೆಯುತ್ತಿದ್ದಾನೆ ಎಂಬ ಮಾತು ಆ ವಾರದಲ್ಲಿ ಹೋಟೆಲು, ಬಸ್‌ ಸ್ಟ್ಯಾಂಡು, ಗಿರಣಿ ಎಲ್ಲ ಕಡೆ ಓಡಾಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದ ಒಬ್ಬ ನನ್ನನ್ನೇ ಕೇಳಿದ, "ಖರೆ ಏನ್ರಿ ಅದು?" ಎಂದು. ಬೇರೆಯವರ ಕಾಲಿಗೆ ಮುಳ್ಳು ಚುಚ್ಚಿದರೆ ಕೂತು ತೆಗೆಯುತ್ತಿದ್ದ ಮನುಷ್ಯನಿಗೆ ಸತ್ತ ಮೇಲೆ ಕೊಲೆಗಾರನ ಪಟ್ಟ. ಮನೆಯಲ್ಲಿ ಅತ್ತೆಯ ಕಿವಿಗೂ ಇದು ಬಿದ್ದಿತ್ತು. ಮಗ ಹೋದಾಗಿನಿಂದ ಆಕೆ ನನ್ನೊಡನೆ ಮಾತಾಡುವುದೇ ಕಡಿಮೆ. ನಮ್ಮ ಹಳ್ಳಿ ಕ್ಯಾಂಪಿನ ಪಕ್ಕದ್ದೇ. ರವಿವಾರ ನಸುಕಿನಲ್ಲಿ ಎದ್ದು ಹಣಮಪ್ಪನ ಗುಡಿಗೆ ಹೋಗಿಬರ್ತೀನಿ ಎಂದು ಹೊರಡುತ್ತಿದ್ದಳು, ನಾನು ಗೇಜು, ಪಂಪು ಜೋಡಿಸಿಕೊಳ್ಳುವಷ್ಟರಲ್ಲಿ ಬಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಒಂದೇ ಮನೆಯಲ್ಲಿ ಎರಡು ಬಾಗಿಲು ಹಾಕಿಕೊಂಡವರ ಹಾಗೆ ಇದ್ದೆವು.

ಮೂರನೆಯ ರವಿವಾರ ಡಾಕ್ಟರ ಗಾಡಿ ಪೆಂಡಿಗಳೊಳಗೆ ನುಗ್ಗಿ ಕಂಬಕ್ಕೆ ಒಂದು ಮೊಳ ಉಳಿದಾಗ ನಿಂತಿತು. ಅವರಿಗೆ ಏನೂ ಆಗಿರಲಿಲ್ಲ. ನಡೆದುಕೊಂಡು ಬೇವಿನ ಬುಡಕ್ಕೆ ಬಂದು ಕೂತರು. ನನ್ನ ಮುಖ ನೋಡದೆ ಹೇಳಿದರು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನನಗ ಅಂವ ಅಲ್ಲೇ ಅದಾನಂತ ಅನಸ್ತದ."

ಹತ್ತಿ ವ್ಯಾಪಾರಿ ಕಾಯುತ್ತಿದ್ದವನ ಹಾಗೆ ಮಾತೆತ್ತಿದ. "ಸಂಕ್ರಾಂತಿ ಆದಮ್ಯಾಲ ದೊಡ್ಡ ಟ್ರ್ಯಾಕ್ ಇಟ್ಟೀವಿ, ಹೊರಗಿನ ಮಂದಿ ಬರ್ತಾರ. ಮುಂದಿನ ಐತವಾರ ಬಂದೋಬಸ್ತ್ ಮಾಡಿಬಿಡೋಣ. ನಮ್ಮ ಕಡಿ ಒಬ್ಬಾಂವ ಅದಾನ, ತಿರುವಿನಾಗ ಮೊಳಿ ಹೊಡದು ಕಟ್ಟಿಹಾಕ್ತಾನ. ಮುಂದ ಏನೂ ತಕರಾರ ಇರಂಗಿಲ್ಲ."

"ಯಾರಿಗ್ರಿ ಮೊಳಿ ಹೊಡಿಯೋದು?" ಎಂದೆ.

ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ.

"ನನ್ನ ಗಂಡಗ ಮೊಳಿ ಹೊಡೀತೀರಿ, ಹೌದಿಲ್ಲೋ? ನಿಮ್ಮ ಗಾಡಿ ಗಾಲಿ ಬಿಚ್ಚಿ ಬಿಚ್ಚಿ ಉಗುರು ಕಳಕೊಂಡಾಂವಗ? ನಾಚ್ಕಿ ಬರಾಂಗಿಲ್ಲೇನ್ರಿ ನಿಮಗ?"

ಕೂಗಿದ್ದು ಕ್ವಾರ್ಟರ್ಸುಗಳೊಳಗೆಲ್ಲ ಹೋಗಿ ಬಂತು. ಡಾಕ್ಟರು ಎದ್ದು ನಿಂತು, ಒಂದು ವಾರ ತಡೀರಿ, ಅಕ್ಕಾರು ಹೇಳಿದಮ್ಯಾಲ ಮುಂದಿಂದು ಎಂದರು. ಎಲ್ಲರೂ ಗಾಡಿ ತೆಗೆದುಕೊಂಡು ಹೋದರು. ನಾನು ಅಲ್ಲೇ ಉಳಿದೆ. ನನ್ನ ಗಂಡ ಎಷ್ಟೋ ಸಲ ಹೇಳಿದ ಮಾತೊಂದಿತ್ತು, ಎಲ್ಲಾ ತಿರುವಿನಾಗ ತಪ್ಪಿದ್ರ ಗಾಡಿ ನೋಡು, ಒಂದೇ ತಿರುವಿನಾಗ ತಪ್ಪಿದ್ರ ಗಾಡಿ ಬಿಡು, ರಸ್ತಾ ನೋಡು ಎಂದು. ಮೊದಲ ದಿನದಿಂದಲೂ ಅದು ನೆನಪಿತ್ತು. ನಾನು ಅದನ್ನು ನೆನಪಿಸಿಕೊಳ್ಳದ ಹಾಗೆ ಗಾಲಿಗಳ ಜೊತೆ ಹೆಣಗಾಡುತ್ತಿದ್ದೆ.

ನಡೆಯಲು ಶುರುಮಾಡಿದೆ. ನಡು ಮಧ್ಯಾಹ್ನ, ಮಲಗಿದ ಬುದ್ಧನ ಗುಡ್ಡ ದೂರದಲ್ಲಿ ಬಿಸಿಲಿಗೆ ಕಂಪಿಸುತ್ತಿತ್ತು. ಬಾಗಿಲಿಲ್ಲದ ಮನೆಗಳು ಎರಡೂ ಕಡೆ. ಮರಿಕಾಲುವೆಯಲ್ಲಿ ನೀರು ಹರಿಯುವ ಸದ್ದು ಹತ್ತಿರವಾದಂತೆ ಎರಡು ಸಲ ನಿಂತೆ. ಕಂಬ ಕಂಡಿತು. ಅದರ ಮೇಲೆ ಗಾಡಿಯ ಬಣ್ಣ ಇನ್ನೂ ಉಳಿದಿತ್ತು, ನೀಲಿ. ಅದನ್ನು ನೋಡಿ ಬೆನ್ನು ತಿರುಗಿಸಿ ರಸ್ತೆಯ ಒಳಬದಿಗೆ ಬಂದೆ, ಕೂತು ಅತ್ತೆ. ಅಳು ಮುಗಿದ ಮೇಲೆ ಎದ್ದು ಮೂಗು ಒರೆಸಿಕೊಳ್ಳುವಾಗ ಆ ವಾಸನೆ ಮತ್ತೆ ಬಂತು. ಈ ಸಲ ಯಾವ ಟೈರೂ ಇರಲಿಲ್ಲ.

ಪಕ್ಕದಲ್ಲೇ ಒಂದು ಕಲ್ಲಿತ್ತು. ಕೆನಾಲಿನವರು ಗಡಿಗೆ ನೆಟ್ಟ ಹಳೆಯ ಕಲ್ಲು, ತಲೆ ದುಂಡಗೆ, ಮೊಳಕಾಲೆತ್ತರ. ಅದು ಎಣ್ಣೆ ಕುಡಿದು ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ನೆತ್ತಿಯ ಮೇಲೆ ಒಂದು ಚೆಂಡು ಹೂವು. ಈ ನಾಡಿನಲ್ಲಿ ಎಣ್ಣೆ ಹಚ್ಚಿದ ಕಲ್ಲು ಯಾರಿಗೆ ಹೊಸತು? ಪ್ರತಿ ತಿರುವಿನಲ್ಲೂ, ಪ್ರತಿ ಬೇವಿನ ಬುಡದಲ್ಲೂ ಒಂದಿರುತ್ತದೆ. ಇವರೆಲ್ಲ ಪ್ರತಿ ರವಿವಾರ ಅದನ್ನು ಕಂಡಿದ್ದರು. ಓಡಿಸುವ ಮೊದಲು ಗಾಡಿಯಿಂದಲೇ ಅದಕ್ಕೆ ಕೈಮುಗಿಯುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಕೈಮುಗಿದ ಮೇಲೆ ಅದನ್ನು ಯಾರು ನೋಡುತ್ತಾರೆ?

ಕಲ್ಲಿನ ಬುಡಕ್ಕೆ ಬೆರಳಿಟ್ಟೆ. ಅಂಟಂಟು. ಅಲ್ಲಿಂದ ರಸ್ತೆಗೆ ಬೆರಳೆಳೆದುಕೊಂಡೇ ಹೋದೆ. ಮಳೆಯ ನೀರು ಹೊರಕ್ಕೆ ಹರಿಯಲೆಂದು ಆ ತಿರುವನ್ನು ಹೊರಬದಿಗೆ ಇಳಿಜಾರು ಮಾಡಿದ್ದರು. ಕಲ್ಲಿನಿಂದ ಇಳಿದ ಎಣ್ಣೆ ಡಾಂಬರಿನ ಮೇಲೆ ಅಂಗೈಯಗಲ ಹರಿದಿತ್ತು, ಗಾಡಿಗಳು ತುಳಿದು ಅದನ್ನು ತಿರುವಿನುದ್ದಕ್ಕೂ ಸವರಿದ್ದವು. ಕಪ್ಪು ಡಾಂಬರಿನ ಮೇಲೆ ಕಣ್ಣಿಗೆ ಕಾಣುತ್ತಿರಲಿಲ್ಲ. ಸರಿಯಾಗಿ ಮುಂದಿನ ಗಾಲಿ ನೆಲ ಕಚ್ಚಬೇಕಾದ ಜಾಗ. ಕೊಬ್ಬರಿ ಎಣ್ಣೆ ನಮ್ಮ ಕಡೆಯ ಚಳಿಗೆ ಬೆಳಿಗ್ಗೆ ಮೇಣದ ಹಾಗೆ ಗಟ್ಟಿಯಾಗಿರುತ್ತದೆ, ಕಲ್ಲಿನ ಮೇಲೇ ಕೂತಿರುತ್ತದೆ. ಬಿಸಿಲೇರಿ ಕಲ್ಲು ಕಾದರೆ ಕರಗಿ ಇಳಿಯುತ್ತದೆ. ಬೆಳಿಗ್ಗೆ ಸರಿ, ಬಿಸಿಲಿಗೆ ತಪ್ಪು.

ಕಲ್ಲಿಗೆ ಕೊಬ್ಬರಿ ಎಣ್ಣೆ ಹಾಕುವವರನ್ನು ನಾನು ಕಂಡಿಲ್ಲ. ಹಣಮಪ್ಪನಿಗಾದರೆ ಎಳ್ಳೆಣ್ಣೆ, ಇಲ್ಲವೇ ಮನೆಯಲ್ಲಿರುವ ಶೇಂಗಾ ಎಣ್ಣೆ. ಕೊಬ್ಬರಿ ಎಣ್ಣೆ ಹಾಕುವುದು ತಲೆಗೆ. ರವಿವಾರ ಬೆಳಿಗ್ಗೆ ಮಗನನ್ನು ಅಂಗಳದಲ್ಲಿ ಕೂರಿಸಿ, ಎಣ್ಣೆಯನ್ನು ಒಲೆಯ ಪಕ್ಕ ಕರಗಿಸಿ ನೆತ್ತಿಗೆ ತಟ್ಟುತ್ತಿದ್ದವಳು ಒಬ್ಬಳೇ. ಮದುವೆಯಾದ ಮೇಲೂ ಆ ಕೆಲಸವನ್ನು ಆಕೆ ನನಗೆ ಬಿಟ್ಟುಕೊಟ್ಟಿರಲಿಲ್ಲ.

ಮನೆಗೆ ಹೋದೆ. ಅತ್ತೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಣ್ಣೆ ಬಾಟಲಿ ಗೋಡೆಯ ಮಾಡದಲ್ಲಿತ್ತು. ನನಗೆ ಸಿಟ್ಟಿತ್ತು, ಹೇಳಬೇಕಾದ ಮಾತುಗಳು ದಾರಿಯುದ್ದಕ್ಕೂ ತಯಾರಾಗಿದ್ದವು. ಆಕೆಯ ಎಣ್ಣೆ ಹಿಡಿದ ಬೆರಳುಗಳನ್ನು ನೋಡಿ ಅವನ್ನೆಲ್ಲ ನುಂಗಿಕೊಂಡೆ. ಕಲ್ಲಿಗೆ ಎಣ್ಣೆ ಹಾಕಬೇಡ ಎಂದು ಹೇಳಲು ನಾನು ಯಾರು? ಸತ್ತವನ ಹವಾ ಟೈರಿನಲ್ಲಿ ಕೂಡಿಟ್ಟು ಅಮಾವಾಸ್ಯೆಗೊಮ್ಮೆ ಅಳೆಯುವವಳು. ಅಂಗಡಿಗೆ ಬರ್ರಿ ಅತ್ತಿ, ಒಂದೀಟು ಕೆಲಸ ಅದ ಎಂದು ಕರೆದುಕೊಂಡು ಹೋದೆ.

ಮೂಲೆಯ ಗಾಲಿಯ ಮುಂದೆ ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿದೆ. "ಇದು ಅವ್ರ ಗಾಡಿದು. ಆವತ್ತ ಮುಂಜಾನೆ ಅವ್ರೇ ತುಂಬಿದ ಹವಾ ಇನ್ನೂ ಇದರಾಗ ಅದ. ನಾ ಬಿಟ್ಟಿಲ್ಲ."

ಅತ್ತೆ ಟೈರಿನ ಮೇಲೆ ಅಂಗೈ ಇಟ್ಟಳು. ಒತ್ತಿ ನೋಡಿದಳು, ಹಾಲು ಕಾದಿದೆಯೇ ಎಂದು ಪಾತ್ರೆ ಮುಟ್ಟುವ ಹಾಗೆ. ಕೈ ತೆಗೆಯಲಿಲ್ಲ.

"ನೀವು ಕಲ್ಲಿಗೆ ಎಣ್ಣಿ ಹಾಕ್ತೀರಿ" ಎಂದೆ.

"ಅವನ ನೆತ್ತಿ ಸುಡತದವಾ. ಮೊದಲಿಂದ ಹಂಗಾ. ತಲಿ ಕಾದ್ರ ಅಂವಗ ಕಣ್ಣು ಕಾಣಂಗಿಲ್ಲ." ಟೈರನ್ನು ಇನ್ನೊಮ್ಮೆ ಸವರಿ ಮತ್ತೆ ಹೇಳಿದಳು. "ಮಂದಿ ಎಳಿತಾನ ಎಳಿತಾನ ಅಂತಾರ. ಅಂವ ಎಳಿಯಾಂವಲ್ಲ. ತಲಿ ಕಾದಿರಬೇಕು. ಅದಕ್ಕ ಜರಾ ಜಾಸ್ತಿ ಹಾಕಾಕತ್ತೀನಿ."

ಗಾಡಿ ಜಾರಿದ ಸುದ್ದಿ ಬಂದಾಗೆಲ್ಲ ಆಕೆ ಹೆಚ್ಚು ಹಾಕಿದ್ದಳು. ಹೆಚ್ಚು ಹಾಕಿದಷ್ಟು ಗಾಡಿ ಜಾರಿದ್ದವು. ಇದನ್ನು ನಾನು ಮೆಲ್ಲಗೆ ಹೇಳಿದೆ, ಕಲ್ಲು ಕಾಯುವುದು, ಎಣ್ಣೆ ಇಳಿಯುವುದು, ರಸ್ತೆಯ ಇಳಿಜಾರು, ಗಾಲಿ ತುಳಿಯುವುದು ಎಲ್ಲ. ಆಕೆ ತಲೆ ತಗ್ಗಿಸಿ ಕೇಳಿದಳು. ಮುಗಿದ ಮೇಲೆ ಮುಖವೆತ್ತಿದಳು. ಅಳುತ್ತಾಳೆ ಅಂದುಕೊಂಡಿದ್ದೆ. ಕಣ್ಣು ಹೊಳೆಯುತ್ತಿದ್ದವು.

"ಅಂದ್ರ ಅಂವ ಎಳಿಯಾಕತ್ತಿಲ್ಲ?"

"ಇಲ್ಲತ್ತಿ."

"ಎಳದಾಕಿ ನಾನು. ಹೌದಿಲ್ಲೋ? ಅಂವ ಅಲ್ಲ, ನಾನು." ನನ್ನ ಕೈ ಹಿಡಿದುಕೊಂಡಳು. "ಹಂಗಾದ್ರ ಹೇಳವಾ ಎಲ್ಲಾರಿಗೂ. ಮುದುಕಿ ಎಣ್ಣಿ ಚೆಲ್ಲಿ ಮಂದಿ ಬೀಳಸ್ತಿದ್ಳು ಅಂತ ಹೇಳು. ನಮ್ಮವನ ಹೆಸರು ಬಿಟ್ಟುಬಿಡ್ರಿ ಅಂತ ಹೇಳು."

ನಾನು ಹೇಳುವುದಿಲ್ಲ ಎಂದೆ. ಊರು ಇನ್ನು ಆಕೆಯನ್ನು ಹಿಡಿದುಕೊಳ್ಳುತ್ತದೆ ಎಂಬ ಹೆದರಿಕೆ ನನಗೆ. ಆಕೆ ಕೇಳಲಿಲ್ಲ. ಮುಂದಿನ ರವಿವಾರ ನನಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಅಷ್ಟರಲ್ಲಿ ನಾನು ಮತ್ತು ಡಾಕ್ಟರು ಆ ತಿರುವನ್ನು ತೊಳೆದಿದ್ದೆವು. ಒಲೆಯ ಬೂ‌ದಿ ಚೆಲ್ಲಿ ಎಣ್ಣೆ ಹೀರಿಸಿ, ಗುಡಿಸಿ, ಬಟ್ಟೆಸೋಡಾ ಹಾಕಿದ ಬಿಸಿನೀರಿನಲ್ಲಿ ತೆಂಗಿನ ಪೊರಕೆಯಿಂದ ಉಜ್ಜಿ, ಕಾಲುವೆಯ ನೀರು ಎರೆದು, ಒಣಗಿದ ಮೇಲೆ ಮತ್ತೆ ಅದನ್ನೇ ಮಾಡಿದೆವು. ಡಾಕ್ಟರು ಮೊದಲ ಸಲ ಕಾರಣ ಕೇಳಿದಾಗ ಕಲ್ಲನ್ನು ತೋರಿಸಿದೆ. ಅವರು ಅದರ ಮೇಲೆ ಕೈಯಿಟ್ಟು, ಕೈಯನ್ನು ಮೂಸಿ, ಆ ಕಡೆ ತಿರುಗಿ ಬಹಳ ಹೊತ್ತು ಪೊರಕೆ ಆಡಿಸಿದರು. ಗಾಲಿಗಳ ಕೋನವನ್ನು ಮೊದಲಿದ್ದ ಹಾಗೇ ಮಾಡಿದೆ. ಹವಾ ಕೂಡ ಮೊದಲಿನಷ್ಟೇ, ಮುಂದೆ ಇಪ್ಪತ್ತೆಂಟು, ಹಿಂದೆ ಮೂವತ್ತು.

ರವಿವಾರ ಎಲ್ಲರೂ ಸೇರಿದ್ದರು. ಮೊಳೆ ಹೊಡೆಯುವವನು ಕೂಡ ಹತ್ತಿ ವ್ಯಾಪಾರಿಯ ಗಾಡಿಯಲ್ಲಿ ಬಂದು ಬೀಡಿ ಸೇದುತ್ತ ಕೂತಿದ್ದ. ಅತ್ತೆ ನೇರ ಅವರ ನಡುವೆ ಹೋಗಿ ಸೆರಗು ತಲೆ ತುಂಬ ಹೊದ್ದುಕೊಂಡು ನಿಂತಳು.

"ಎಣ್ಣಿ ಚೆಲ್ಲಿದಾಕಿ ನಾನ್ರಪಾ. ಕಲ್ಲಿಗೆ ಹಾಕಿದ್ದು ರಸ್ತಾಕ್ಕ ಹರದು ನಿಮ್ಮ ಗಾಡಿ ಜಾರ್ಯಾವ. ಬೈರಿ, ಹೊಡೀರಿ, ಮೊಳಿ ಹೊಡಿಯೋದಿದ್ರ ನನಗ ಹೊಡೀರಿ. ನನ್ನ ಮಗನ ಹೆಸರು ತಗೀಬ್ಯಾಡ್ರಿ."

ಡಾಕ್ಟರು ಬಗ್ಗಿ ಆಕೆಯ ಕಾಲು ಮುಟ್ಟಿದರು. ಬೀಡಿಯವನು ತನ್ನ ಚೀಲ ಎತ್ತಿಕೊಂಡು ಗಾಡಿಯೊಳಗೆ ಹೋಗಿ ಕೂತ, ಸಂಜೆವರೆಗೆ ಇಳಿಯಲಿಲ್ಲ.

ಬಿಸಿಲೇರುವವರೆಗೆ ಕಾದೆವು. ಈ ಸಲ ನಾನು ಬೇವಿನ ಬುಡದಲ್ಲಿ ನಿಲ್ಲಲಿಲ್ಲ. ಅತ್ತೆಯೂ ನಾನೂ ತಿರುವಿನ ಒಳಬದಿಗೆ, ದೂರದ ಮನೆಯೊಂದರ ಕಟ್ಟೆಯ ಮೇಲೆ ಕೂತೆವು. ಡಾಕ್ಟರ ಗಾಡಿ ಕ್ವಾರ್ಟರ್ಸುಗಳ ಸಾಲಿನಲ್ಲಿ ಬಂತು, ಅದರ ಹಿಂದೆ ಆ ಇನ್ನೊಂದು ಸದ್ದೂ ಬಂತು. ಅತ್ತೆ ನನ್ನ ಮೊಣಕಾಲು ಹಿಡಿದಳು. ಗಾಡಿಯ ಮೂತಿ ಒಳಕ್ಕೆ ಬಾಗಿತು, ಮುಂದಿನ ಗಾಲಿ ಕಲ್ಲಿನ ಪಕ್ಕದಲ್ಲೇ ನೆಲ ಕಚ್ಚಿತು, ಗಾಡಿ ಕಂಬವನ್ನು ಅದರ ಪಾಡಿಗೆ ಬಿಟ್ಟು ಹೊರಟುಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ನನ್ನ ಗಂಡನ ಗಾಡಿ ಆವತ್ತು ಯಾಕೆ ಸರಿಯಿತು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಆಗ ಕಲ್ಲಿಗೆ ಯಾರೂ ಎಣ್ಣೆ ಹಾಕುತ್ತಿರಲಿಲ್ಲ. ಅದನ್ನು ಕೇಳಿಕೊಳ್ಳದ ದಿನವಿಲ್ಲ.

ಸಂಕ್ರಾಂತಿ ಕಳೆದು ದೊಡ್ಡ ಟ್ರ್ಯಾಕು ಬಂತು. ಆ ನಸುಕಿನಲ್ಲಿ ನಾನು ಏಳುವಾಗ ಅತ್ತೆ ಒಲೆಯ ಮುಂದೆ ಎಣ್ಣೆ ಬಾಟಲಿ ಹಿಡಿದು ಕೂತಿದ್ದಳು. ಕರಗಿಸಿದ್ದಳು, ಅಭ್ಯಾಸಬಲ. ಎದ್ದು ಹೋಗಲಾರದೆ, ಇಡಲಾರದೆ ಹಾಗೇ ಹಿಡಿದಿದ್ದಳು.

"ಕಲ್ಲಿಗೆ ಬ್ಯಾಡಂದ್ರ ಇದನ್ನ ಎಲ್ಲಿ ಹಾಕ್ಲವಾ ನಾ?" ಎಂದು ಕೇಳಿದಳು.

ನಾನು ಆಕೆಯ ಮುಂದೆ ಕೂತು ಬೆನ್ನು ತಿರುಗಿಸಿ ಜಡೆ ಬಿಚ್ಚಿದೆ. ವರ್ಷದಿಂದ ಎಣ್ಣೆ ಕಂಡಿರದ ತಲೆ. ನೆತ್ತಿಯ ಮೇಲೆ ಬಿಸಿ ಎಣ್ಣೆ ಬಿತ್ತು, ಅಂಗೈ ಬಿತ್ತು. ಮಗನಿಗೆ ತಟ್ಟುತ್ತಿದ್ದಷ್ಟೇ ಜೋರಾಗಿ ತಟ್ಟಿದಳು.

ಆ ದಿನ ಬಿಸಿಲಿಗೆ ಡಾಕ್ಟರ ಗಾಡಿ ಬಂದು ನಿಂತಾಗ ಮಂಡಿಯೂರಿ ಮುಂದಿನ ಎಡ ಟೈರಿಗೆ ಮುಖ ತಂದೆ. ಕೊಬ್ಬರಿ ಎಣ್ಣೆ ಘಮ್ಮೆಂದಿತು. ಗೇಜು ಅಲ್ಲೇ ಬಿಟ್ಟು ತಿರುವಿನವರೆಗೆ ಓಡಿದೆ. ಕಲ್ಲು ಒಣಗಿ ಬೆಳ್ಳಗಾಗಿತ್ತು, ರಸ್ತೆ ಚೊಕ್ಕವಾಗಿತ್ತು. ಬಗ್ಗಿ ನೋಡುವಾಗ ನನ್ನ ಜಡೆ ಮುಂದೆ ಬಂದು ಮೂಗಿಗೆ ತಾಗಿತು. ಅದನ್ನು ಹಿಡಿದುಕೊಂಡು ಅಲ್ಲೇ ನಿಂತೆ. ಮುಂದಿನ ಗಾಡಿ ಬರಾಕತ್ತದ, ಸರೀರಿ ಎಂದು ಗುಮಾಸ್ತ ಕೂಗುವವರೆಗೆ ನಿಂತಿದ್ದೆ.